ಚುಕ್ಕಿ ತಟ್ಟೆ

ಉಗುಳಿಗೂ ಕಫಕ್ಕೂ ಇರುವ ವ್ಯತ್ಯಾಸವೇ ಹನ್ನೊಂದು ವರ್ಷದಿಂದ ಅವಳಿಗೆ ಅನ್ನ ಹಾಕುತ್ತಿತ್ತು. ಮುಚ್ಚಳ ತೆಗೆಯುವುದೂ ಬೇಡ, ಪ್ಲಾಸ್ಟಿಕ್ ಡಬ್ಬಿಯನ್ನು ಬೆಳಕಿಗೆ ಹಿಡಿದು ತುಸು ವಾಲಿಸಿದರೆ ಸಾಕು. ಒಳಗಿನದು ಥಟ್ಟನೆ ಓಡಿ ಬಂದರೆ ಉಗುಳು, ಮನಸ್ಸಿಲ್ಲದ ಮನಸ್ಸಿನಿಂದ ಎಳೆಯುತ್ತ ಬಂದರೆ ಕಫ. ಉಗುಳು ಬಾಯಿಯದು, ಕಫ ಎದೆಯದು, ರೋಗ ಇರುವುದು ಎದೆಯಲ್ಲಿ. ಇಷ್ಟನ್ನು ಅವಳು ಕಿಟಕಿಯ ಕಂಡಿಯಿಂದ ಹೊರಗಿನ ಸಾಲಿಗೆ ದಿನಕ್ಕೆ ಮೂವತ್ತು ಸಲ ಹೇಳುತ್ತಿದ್ದಳು, ಹೇಳಿ ಹೇಳಿ ದನಿಯಲ್ಲಿದ್ದ ಮರ್ಯಾದೆ ಸವೆದುಹೋಗಿತ್ತು. ಈ ಬೆಳಿಗ್ಗೆ ಮೊದಲಿಗೆ ಬಂದವನು ಒಬ್ಬ ಮುದುಕ. ಡಬ್ಬಿ ಕೊಟ್ಟು, ಪರೀಕ್ಷೆ ಪಾಸಾಗಲಿ ಎನ್ನುವವನ ಹಾಗೆ ಅವಳ ಮುಖವನ್ನೇ ನೋಡುತ್ತ ನಿಂತ. ಅವಳು ಡಬ್ಬಿ ವಾಲಿಸಿದಳು, ಕಂಡಿಯಿಂದ ವಾಪಸು ತಳ್ಳಿದಳು. “ಇದು ಬರೀ ಉಗುಳು ತಾತ. ಎದೆಯಿಂದ ಕೆಮ್ಮಿ ತೆಗೀಬೇಕು. ಆ ಮರದ ಕೆಳಗೆ ಹೋಗಿ, ಮೂರು ಸಲ ಜೋರಾಗಿ ಉಸಿರು ಎಳ್ಕೊಳ್ಳಿ, ಆಮೇಲೆ ಕೆಮ್ಮಿ.” “ಬರ್ತಾ ಇಲ್ಲಮ್ಮ.” “ಬರೋ ತನಕ ಕೂತ್ಕೊಳ್ಳಿ, ನಾನೇನೂ ಓಡಿ ಹೋಗಲ್ಲ.” ಸಾಲಿನಲ್ಲಿ ಯಾರೋ ನಕ್ಕರು. ಮುದುಕ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಡಬ್ಬಿಯನ್ನು ಅಂಗಿಯ ಮರೆಯಲ್ಲಿ ಇಟ್ಟುಕೊಂಡು ಮರದ ಕಡೆ ನಡೆದ. ಅರ್ಧ ನಿಮಿಷವೂ ಆಗಲಿಲ್ಲ ಎಂದು ಅವಳು ಗೋಡೆಯ ಗಡಿಯಾರ ನೋಡಿ ಅಂದುಕೊಂಡಳು. ಬೇರೆಯವರಿಗೆ ಹೇಳುವುದಕ್ಕೆ ಅರ್ಧ ನಿಮಿಷವೂ ಬೇಡ.

ಮೇಲ್ವಿಚಾರಕರು ಇವತ್ತು ಬರುವವರಿದ್ದರು. ಕಫ ಬಳಿದು, ಮೈಕ್ರೋಸ್ಕೋಪಿನಲ್ಲಿ ನೋಡಿ ಅವಳು ಫಲಿತಾಂಶ ಬರೆದ ಗಾಜುಗಳೆಲ್ಲ ಮರದ ಪೆಟ್ಟಿಗೆಯಲ್ಲಿ ನಂಬರಿನ ಪ್ರಕಾರ ನಿಂತಿರುತ್ತವೆ. ಅವರು ಬಂದು ತಮಗೆ ತೋಚಿದ ಹತ್ತನ್ನು ಎತ್ತಿ ದೊಡ್ಡ ಲ್ಯಾಬಿಗೆ ಒಯ್ಯಬೇಕು, ಅಲ್ಲಿ ಇನ್ನೊಬ್ಬರು ಇವಳೇನು ಬರೆದಿದ್ದಾಳೆಂದು ತಿಳಿಯದೆ ಮತ್ತೆ ನೋಡಬೇಕು, ಎರಡೂ ಒಂದೇ ಆದರೆ ಇವಳ ಕಣ್ಣು ನೆಟ್ಟಗಿದೆ ಎಂದು ಅರ್ಥ. ನಾಲ್ಕು ವರ್ಷದಿಂದ ಒಂದೂ ತಪ್ಪಿಲ್ಲ ಎನ್ನುವ ಪ್ರಶಸ್ತಿಪತ್ರ ಕೈ ತೊಳೆಯುವ ಬೇಸಿನ್ನಿನ ಮೇಲೆ ಕಟ್ಟು ಹಾಕಿಸಿಕೊಂಡು ನೇತಾಡುತ್ತಿತ್ತು. ಕಸಬಿನವರಿಗೆ ಮಾತ್ರ ಗೊತ್ತಿದ್ದದ್ದು ಏನೆಂದರೆ, ಅವರು ಎತ್ತುವುದಿಲ್ಲ. ದಾರಿಯಿಂದಲೇ ಫೋನು ಮಾಡುತ್ತಾರೆ. “ಒಂದು ಹತ್ತು ತೆಗೆದಿಟ್ಟಿರಮ್ಮ, ನಂಗೆ ಇನ್ನೂ ಮೂರು ಕಡೆ ಹೋಗೋದಿದೆ.” ಯಾವ ಹತ್ತು ತೆಗೆದಿಡಬೇಕು ಎನ್ನುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ: ಕುರುಡನಿಗೂ ಕಾಣುವಷ್ಟು ಕ್ಷಯದ ಕೆಂಪು ಕಡ್ಡಿಗಳು ತುಂಬಿದ ನಾಲ್ಕು, ತೊಳೆದಿಟ್ಟ ಹಾಗೆ ನೀಲಿಯಾಗಿರುವ ಆರು. ಅವಳ ಪ್ರಶಸ್ತಿಪತ್ರವೂ, ಅವಳ ಹಾಗಿರುವ ಎಲ್ಲರ ಪ್ರಶಸ್ತಿಪತ್ರಗಳೂ ಹೀಗೆ ಬಂದವು. ಫೋನು ಹತ್ತು ಗಂಟೆಗೆ ಬಂತು, ಅದೇ ಮಾತು ಆಡಿತು. ಅವಳು ಆಯಿತು ಸರ್ ಎಂದಳು. ಕಳೆದ ಸಲ ಅವರು ಬಂದೇ ಇರಲಿಲ್ಲವಾದ್ದರಿಂದ ಐದು ತಿಂಗಳ ಹಿಂದಿನ ಗಾಜುಗಳೂ ಪೆಟ್ಟಿಗೆಯಲ್ಲೇ ಇದ್ದವು, ನಾನೂರ ಹದಿನೇಳೂ ಇತ್ತು, ಮೂರನೆಯ ಸಾಲು, ಎಡದಿಂದ ಎಂಟನೆಯದು. ಮುಟ್ಟದೆಯೇ ಅವಳಿಗೆ ಗೊತ್ತಿತ್ತು.

ಅದು ಅಣ್ಣನ ಗಾಜು. ಅಣ್ಣ ಹಾಸಿಗೆ ಹೊಲಿಯುವ ಅಂಗಡಿಯಲ್ಲಿ ಹತ್ತಿ ತುಂಬುವವನು, ಮೂಗಿನ ಕೂದಲಿಗೂ ಹುಬ್ಬಿಗೂ ಹತ್ತಿ ಅಂಟಿಸಿಕೊಂಡೇ ಮನೆಗೆ ಬರುವವನು, ಆದ್ದರಿಂದ ಅವನು ಕೆಮ್ಮತೊಡಗಿದಾಗ ಮನೆಯಲ್ಲಿ ಎಲ್ಲರಿಗೂ ಒಂದು ಕಾರಣ ಸಿದ್ಧವಾಗಿತ್ತು. “ಹತ್ತಿ ಧೂಳು ಕಣೇ, ಈ ಕೆಲ್ಸದಲ್ಲಿ ಕೆಮ್ಮದೆ ಇರೋನು ಯಾರು?” ಎನ್ನುತ್ತಿದ್ದ ಅಣ್ಣ. ಅವನ ಕೆಮ್ಮಿಗೆ ತಣ್ಣನೆಯ ಗಾಳಿ ಆಗದೆಂದು ಅತ್ತಿಗೆ ಕಿಟಕಿ ಮುಚ್ಚುತ್ತಿದ್ದಳು. ಮುಚ್ಚಿದ ಆ ಒಂದೇ ಕೋಣೆಯಲ್ಲಿ ಅಣ್ಣ, ಅತ್ತಿಗೆ, ನಡುವೆ ಅವರ ಮೂರು ವರ್ಷದ ಮಗಳು, ಮರಿ. ಆಚೆ ಅಡುಗೆಮನೆಯ ಗೋಡೆಗೆ ಒರಗಿ ಅವಳು. ಆ ಕೆಮ್ಮಿನ ದನಿಯನ್ನು ಅವಳು ಗೋಡೆಯ ಆಚೆಯಿಂದ ಕೇಳಿದ ಮೊದಲನೆಯ ವಾರವೇ ಗುರುತು ಹಿಡಿದಿದ್ದಳು, ಗುರುತು ಹಿಡಿದು ಮಗ್ಗುಲು ಬದಲಿಸಿದ್ದಳು. ಹೇಳಿದರೆ ಮೊದಲು ಏಳುವ ಪ್ರಶ್ನೆ ಯಾವುದೆಂದು ಅವಳಿಗೆ ಗೊತ್ತಿತ್ತು. ಕ್ಷಯದ ಲ್ಯಾಬಿನಲ್ಲಿ ಕೆಲಸ ಮಾಡುವವರು ಆ ಮನೆಯಲ್ಲಿ ಒಬ್ಬರೇ ಇದ್ದರು.

ಕೆಲಸಕ್ಕೆ ಸೇರಿದ ತಿಂಗಳೇ ತಟ್ಟೆ ಬೇರೆಯಾಗಿತ್ತು. ಆಗಷ್ಟೇ ಮದುವೆಯಾಗಿ ಬಂದಿದ್ದ ಅತ್ತಿಗೆ ಒಂದು ಸ್ಟೀಲಿನ ತಟ್ಟೆ, ಒಂದು ಲೋಟ, ಒಂದು ಚಮಚ ಎತ್ತಿಟ್ಟು, ಮೂರರ ಅಂಚಿಗೂ ಉಗುರು ಬಣ್ಣದಿಂದ ಕೆಂಪು ಚುಕ್ಕಿ ಇಟ್ಟಿದ್ದಳು. “ತಪ್ಪು ತಿಳ್ಕೋಬೇಡ. ನಾಳೆ ಮಕ್ಕಳು ಮರಿ ಆಗೋ ಮನೆ.” ಅವಳು ನಗುತ್ತಲೇ ಹೇಳಿದ್ದಳು, ಈ ರೋಗ ತಟ್ಟೆಯಿಂದ ಬರುವುದಿಲ್ಲ ಅತ್ತಿಗೆ, ಬರುವುದು ಗಾಳಿಯಿಂದ, ಕೆಮ್ಮಿದರೆ ಹಾರುತ್ತದೆ, ಕಿಟಕಿ ತೆರೆದಿದ್ದರೆ ಹೋಗುತ್ತದೆ. “ನಿಂಗೆ ಗೊತ್ತಿರೋದು ನಿಂಗಿರ್ಲಿ” ಎಂದಳು ಅತ್ತಿಗೆ. ಅಣ್ಣ ತಲೆಯೆತ್ತದೆ ಊಟ ಮಾಡುತ್ತಿದ್ದ. ತೊಳೆದು ತೊಳೆದು ಚುಕ್ಕಿ ಅಳಿಸಿಹೋದಾಗಲೆಲ್ಲ ಅತ್ತಿಗೆ ಮತ್ತೆ ಇಡುತ್ತಿದ್ದಳು, ಮರೆಯದೆ, ಸಿಟ್ಟಿಲ್ಲದೆ, ಮನೆಯ ಬೇರೆ ಕೆಲಸಗಳಂತೆ ಅದೂ ಒಂದು. ಏಳು ವರ್ಷ ಕಾದು ಬಸುರಿಯಾದಾಗ ಆ ಬಣ್ಣದ ವಾಸನೆ ಅತ್ತಿಗೆಗೆ ಆಗಿಬರುತ್ತಿರಲಿಲ್ಲ. ಆಗ ಒಂದು ಭಾನುವಾರ ಅವಳೇ ಕಿಟಕಿಯ ಹತ್ತಿರ ಕೂತು ತನ್ನ ತಟ್ಟೆಗೆ ತಾನೇ ಚುಕ್ಕಿ ಇಟ್ಟುಕೊಂಡಳು. ಚುಕ್ಕಿ ದುಂಡಗೆ ಬಂತೇ ಎಂದು ತಟ್ಟೆಯನ್ನು ತಿರುಗಿಸಿ ನೋಡಿದ್ದೂ ನೆನಪಿದೆ. ಅತ್ತಿಗೆ ಬಾಗಿಲಲ್ಲಿ ನಿಂತು, “ಎಷ್ಟು ಚೆನ್ನಾಗಿ ಇಟ್ಟಿದೀಯ” ಎಂದಳು. ಆ ಮೆಚ್ಚುಗೆಗೆ ಖುಷಿಯಾಗಿತ್ತಲ್ಲ, ಅದನ್ನು ನೆನೆದರೆ ಇವತ್ತಿಗೂ ತನ್ನನ್ನು ತಾನೇ ಹೊಡೆದುಕೊಳ್ಳುವ ಹಾಗಾಗುತ್ತದೆ.

ಮರಿಗೆ ಮಾತು ಬಂದ ಮೇಲೆ ಆ ಚುಕ್ಕಿಯ ಮೇಲೆ ಆಸೆ ಬಿತ್ತು. ಮನೆಯಲ್ಲಿ ಬಣ್ಣ ಇದ್ದ ತಟ್ಟೆ ಅದೊಂದೇ. “ಅತ್ತೇ, ನಂಗೂ ಚುಕ್ಕಿ ತಟ್ಟೇಲಿ.” ಅವಳು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರೆ ಮರಿ ಅದನ್ನು ಆಟವೆಂದು ತಿಳಿದು ಕೇಕೆ ಹಾಕಿ ಮುಂದಕ್ಕೆ ಬಾಗಿ, ಒಂದು ಬೆರಳನ್ನು ಚುಕ್ಕಿಯ ಮೇಲೆ ಇಟ್ಟುಬಿಟ್ಟಿತು. ಅತ್ತಿಗೆ ಒಲೆಯ ಮುಂದಿನಿಂದ ಎದ್ದು ಬಂದು ಮಗುವಿನ ಕೈಗೆ ಛಟೀರೆಂದು ಹೊಡೆದಳು. ಅದು ಅತ್ತದ್ದು ನೋವಿಗಲ್ಲ, ಯಾಕೆ ಎಂದು ತಿಳಿಯದ್ದಕ್ಕೆ. ಅವಳು ಅನ್ನ ಕಲಸುತ್ತ ಕೂತೇ ಇದ್ದಳು.

ತಾತ ಮರದ ಕೆಳಗೆ ಕೆಮ್ಮುತ್ತಿದ್ದ. ಒಳ್ಳೆಯ ಕೆಮ್ಮು, ತಳದಿಂದ ಬರುತ್ತಿತ್ತು. ಅವಳು ಹೊಸ ಗಾಜುಗಳಿಗೆ ಕೆಂಪು ಬಣ್ಣ ಸುರಿದು ಕೆಳಗಿನಿಂದ ಉರಿ ಹಿಡಿದಳು. ಮೊದಲು ಎಲ್ಲಕ್ಕೂ ಕೆಂಪು ಹತ್ತುತ್ತದೆ; ಆಮೇಲೆ ಆಮ್ಲ ಹಾಕಿದರೆ ಎಲ್ಲವೂ ಬಿಟ್ಟುಕೊಡುತ್ತವೆ, ಈ ಒಂದು ಕ್ರಿಮಿ ಮಾತ್ರ ಬಿಡುವುದಿಲ್ಲ, ಅದರ ಮೈ ಮೇಣದ್ದು; ಕಡೆಗೆ ನೀಲಿ ಹಾಕಿದರೆ ನೀಲಿಯ ನಡುವೆ ಕೆಂಪು ಕಡ್ಡಿಗಳಾಗಿ ಕಾಣಿಸಿಕೊಳ್ಳುತ್ತದೆ. ತರಬೇತಿಯಲ್ಲಿ ಪಾಠ ಹೇಳುತ್ತಿದ್ದ ದಪ್ಪ ಕನ್ನಡಕದ ಡಾಕ್ಟರು ಇದನ್ನು ಕಥೆ ಹೇಳಿದಂತೆ ಹೇಳುತ್ತಿದ್ದರು. ರಕ್ತದ ಬಿಳಿ ಕಣಗಳು ಈ ಕ್ರಿಮಿಯನ್ನು ನುಂಗುತ್ತವೆ, ನುಂಗಿ ಅರಗಿಸಿಕೊಳ್ಳಲಾರವು. ಉಗುಳಿದರೆ ಊರೆಲ್ಲ ಹರಡುತ್ತದೆ. ಆಗ ದೇಹ ಏನು ಮಾಡುತ್ತದೆ? ಕಣಗಳು ಒಂದಕ್ಕೊಂದು ಅಂಟಿ ಸುತ್ತ ಗೋಡೆ ಕಟ್ಟುತ್ತವೆ, ಗೋಡೆ ಗಟ್ಟಿಯಾಗಿ ಸುಣ್ಣಗಟ್ಟುತ್ತದೆ, ಒಳಗೆ ಕ್ರಿಮಿ ಸಾಯದೆ, ಬೆಳೆಯದೆ, ನಲವತ್ತು ವರ್ಷ ಬೇಕಾದರೂ ಬಿದ್ದಿರುತ್ತದೆ. “ಇದನ್ನೇ ನಾವು ಆರೋಗ್ಯ ಅಂತೀವಿ ಮಕ್ಕಳೇ. ಗೆದ್ದಿದ್ದಲ್ಲ, ರಾಜಿ ಮಾಡ್ಕೊಂಡಿದ್ದು.” ತರಗತಿಯಲ್ಲಿ ಎಲ್ಲರೂ ನಕ್ಕಿದ್ದರು. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದಿದ್ದಳು.

ಅಣ್ಣನನ್ನು ಪರೀಕ್ಷೆಗೆ ಹೊರಡಿಸಿದ್ದು ಅತ್ತಿಗೆಯೇ. ಎರಡು ತಿಂಗಳಾದರೂ ಹತ್ತಿ ಧೂಳು ಇಳಿಯದಿದ್ದಾಗ ಒಂದು ಬೆಳಿಗ್ಗೆ ಅವಳ ಮುಂದೆ ಚುಕ್ಕಿ ತಟ್ಟೆ ಇಡುತ್ತ ಹೇಳಿದಳು, “ಇವತ್ತು ಅವ್ರನ್ನ ಕಳಿಸ್ತೀನಿ, ನೋಡಿಬಿಡು. ಒಂದು ಮಾತು ಈಗ್ಲೇ ಹೇಳಿರ್ತೀನಿ, ಬೇಜಾರು ಮಾಡ್ಕೋಬೇಡ. ಏನಾದ್ರೂ ಬಂತು ಅಂದ್ರೆ ನೀನು ಬೇರೆ ಮನೆ ನೋಡ್ಕೋಬೇಕಾಗುತ್ತೆ. ನಂಗೆ ಮಗು ಇದೆ.” ಅಣ್ಣ ಅಲ್ಲೇ ಚಪ್ಪಲಿ ಹುಡುಕುತ್ತಿದ್ದ, ಕಾಲ ಬುಡದಲ್ಲೇ ಇದ್ದ ಚಪ್ಪಲಿಯನ್ನು ಬಹಳ ಹೊತ್ತು ಹುಡುಕಿದ. ಡಬ್ಬಿಯನ್ನು ಮನೆಯಲ್ಲೇ ಕೊಡಬಹುದಿತ್ತು, ಮನೆಯೊಳಗೆ ಅದೆಲ್ಲ ಬೇಡವೆಂದು ಅತ್ತಿಗೆ ಹೇಳಿದ್ದರಿಂದ ಅವನು ಎಲ್ಲರಂತೆ ಲ್ಯಾಬಿನ ಸಾಲಿನಲ್ಲಿ ನಿಂತ. ಸಾಲಿನಲ್ಲಿ ಅವನ ಹಿಂದೆ ಹಾಸಿಗೆ ಅಂಗಡಿಯ ಪಕ್ಕದ ಬೀಡಾ ಅಂಗಡಿಯವನು ಇದ್ದ. ಅಣ್ಣನ ಸರದಿ ಬಂತು. ಕಂಡಿಯೊಳಗೆ ಡಬ್ಬಿ ಚಾಚಿ ಅವನು, “ತಗೊಳ್ಳಿ ಮೇಡಂ” ಎಂದ.

ಮೇಡಂ. ಚಿಕ್ಕವಳಿದ್ದಾಗ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದವನು, ಬಿದ್ದರೆ ಮಂಡಿಗೆ ಉಗುಳು ಸವರಿ ವಾಸಿಯಾಯ್ತು ಹೋಗು ಎನ್ನುತ್ತಿದ್ದವನು. ಬೀಡಾ ಅಂಗಡಿಯವನಿಗೆ ಈ ಕಿಟಕಿಯೊಳಗೆ ಕೂತವಳು ಇವನ ತಂಗಿ ಎಂದು ತಿಳಿಯಬಾರದು, ತಿಳಿದರೆ ಇವನಿಗೇಕೆ ಕೆಮ್ಮು ಎಂದೂ ತಿಳಿಯುತ್ತದೆ: ಇಷ್ಟೆಲ್ಲವನ್ನೂ ಆ ಒಂದು ಮಾತಿನಲ್ಲಿ ಅವಳು ಕೇಳಿಸಿಕೊಂಡಳು. ಡಬ್ಬಿ ತೆಗೆದುಕೊಂಡಳು. ಅಭ್ಯಾಸದಿಂದ ಕೈ ತಾನಾಗಿ ವಾಲಿಸಿತು. ಒಳಗಿನದು ಥಟ್ಟನೆ ಓಡಿ ಬಂತು, ಮೇಲೆ ನಾಲ್ಕು ನೊರೆಗುಳ್ಳೆ. ಇದು ಉಗುಳು, ಹೋಗಿ ಮರದ ಕೆಳಗೆ ಕೆಮ್ಮಿ ಎಂದು ಹೇಳುವುದಕ್ಕೆ ಅರ್ಧ ನಿಮಿಷ ಸಾಕಾಗಿತ್ತು. ನೀವು ಎನ್ನಬೇಕೋ ನೀನು ಎನ್ನಬೇಕೋ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅದೂ ನೆಪವೇ. ಅಣ್ಣನ ಮುಖದಲ್ಲಿ ಒಂದು ಬೇಡಿಕೆ ಇತ್ತು, ಅವಳ ಎದೆಯಲ್ಲೂ ಅದೇ ಬೇಡಿಕೆ ಇತ್ತು, ಎರಡೂ ಆ ಡಬ್ಬಿಯ ಮೇಲೆ ಒಂದಾದವು. “ನೆಕ್ಸ್ಟ್” ಎಂದಳು. ಮಧ್ಯಾಹ್ನ ಗಾಜಿನ ಮೇಲೆ ಬಳಿದು, ಬಣ್ಣ ಹಾಕಿ, ಮಸೂರದ ಕೆಳಗೆ ಇಟ್ಟಳು. ಇಲ್ಲ ಎಂದು ಬರೆಯಬೇಕಾದರೆ ನೂರು ಕಡೆ ನೋಡಬೇಕು ಎನ್ನುವುದು ನಿಯಮ. ಅವಳು ಹತ್ತು ಕಡೆ ನೋಡಿದಳು. ಬಾಯಿಯ ಒಳಚರ್ಮದ ಅಗಲ ಅಗಲ ಕಣಗಳು, ಒಗೆದು ಹರಡಿದ ಬಟ್ಟೆಗಳ ಹಾಗೆ, ಎದೆಯಿಂದ ಬಂದದ್ದು ಒಂದೂ ಇಲ್ಲ. ನಾನೂರ ಹದಿನೇಳು, ಇಲ್ಲ.

ಆ ಸಂಜೆ ಅವಳು ಚಪ್ಪಲಿ ಬಿಡುವ ಮುಂಚೆಯೇ ಅತ್ತಿಗೆ ಕೇಳಿದಳು. ಅವಳು ತಲೆಯಾಡಿಸಿ, “ಏನಿಲ್ಲ ಅತ್ತಿಗೆ. ಹತ್ತಿ ಧೂಳೇ ಇರ್ಬೇಕು” ಎಂದಳು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಗೆ ಒರಗಿ ನಿಂತುಬಿಟ್ಟಳು, ಎಷ್ಟು ದಿನದಿಂದ ಹೆದರಿದ್ದಳೋ ಏನೋ. ಊಟಕ್ಕೆ ಕೂತಾಗ ಮುಂದೆ ಬಂದದ್ದು ಮನೆಯ ತಟ್ಟೆ. ಪಾತ್ರೆ ಸ್ಟ್ಯಾಂಡಿನ ಸಾಲಿನಿಂದ ತೆಗೆದದ್ದು, ಎಲ್ಲರದೂ, ಯಾರದೂ ಅಲ್ಲದ್ದು. ಅವಳು ಅಂಚನ್ನು ನೋಡಿ, ಅತ್ತಿಗೆಯ ಮುಖ ನೋಡಿದಳು. “ಇರ್ಲಿ ಬಿಡು, ಇಷ್ಟು ವರ್ಷ ನಿಂಗೂ ಸಾಕಾಗಿರುತ್ತೆ” ಎಂದಳು ಅತ್ತಿಗೆ, ಬೇರೆ ಕಡೆ ನೋಡುತ್ತ. ಹನ್ನೊಂದು ವರ್ಷದಲ್ಲಿ ಅವಳು ಮನೆಗೆ ತಂದುಕೊಟ್ಟ ಸಂಬಳದಿಂದ ಆಗದ್ದು ಒಂದು ಸುಳ್ಳಿನಿಂದ ಆಯಿತು. ಅಣ್ಣ ಕೆಮ್ಮಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹತ್ತು ಗಾಜು ತೆಗೆದಿಡಬೇಕಿತ್ತು. ಒಂಬತ್ತನ್ನು ಎಂದಿನಂತೆ ತೆಗೆದಳು. ಹತ್ತನೆಯದಕ್ಕೆ ಮೂರನೆಯ ಸಾಲಿಗೆ ಕೈ ಹಾಕಿದಳು. ಜಾರಿಬಿಟ್ಟರೆ ನೆಲ ಸಿಮೆಂಟಿನದು. ಗಾಜು ಒಡೆಯುವುದು ಲ್ಯಾಬಿನಲ್ಲಿ ಸುದ್ದಿಯಲ್ಲ. ಆದರೆ ಹತ್ತೊಂಬತ್ತು ದಿನದಿಂದ ಅವಳಿಗೆ ಬೇರೆಯದೇ ಒಂದು ಹಸಿವು ಹತ್ತಿತ್ತು. ಹತ್ತೊಂಬತ್ತು ದಿನದ ಹಿಂದೆ ಮರಿಗೆ ಬಿಡದ ಜ್ವರ, ವಾಂತಿ, ಆಮೇಲೆ ಕತ್ತು ಮರಗಟ್ಟಿ, ಕಣ್ಣು ಒಂದು ಕಡೆಗೆ ನೆಟ್ಟು. ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿ, ಕ್ಷಯ ಮಿದುಳಿನ ಪೊರೆಗೆ ಹೋಗಿದೆ ಎಂದರು. ಹುಟ್ಟಿದಾಗ ಹಾಕಿಸಿದ ಲಸಿಕೆಯ ಕಲೆ ತೋಳಿನ ಮೇಲೆ ನಾಣ್ಯದಷ್ಟು ದುಂಡಗೆ ಇತ್ತು, ಇದ್ದೂ ಸಾಲದೆ ಹೋಗಿತ್ತು. ಸಣ್ಣ ಮಕ್ಕಳ ಮೈಗೆ ಗೋಡೆ ಕಟ್ಟುವುದು ಇನ್ನೂ ಸರಿಯಾಗಿ ಬಂದಿರುವುದಿಲ್ಲ, ರಾಜಿಯೂ ಬರುವುದಿಲ್ಲ. ಬಂದದ್ದು ನೇರವಾಗಿ ಒಳಗೆ ನಡೆದುಬಿಡುತ್ತದೆ. ಮನೆಯವರನ್ನೆಲ್ಲ ಪರೀಕ್ಷೆ ಮಾಡಿದರು. ಅಣ್ಣನ ಕಫವನ್ನು ಅಲ್ಲಿನ ಲ್ಯಾಬಿನವನು ನೋಡಿ, ಒಂದೊಂದು ಕಡೆಯೂ ಕಿಕ್ಕಿರಿದಿದೆ, ಎಣಿಸೋಕಾಗಲ್ಲ ಎಂದ. ಅವಳ ಕಫ, ಎಕ್ಸ್‌ರೇ ಎರಡೂ ಚೊಕ್ಕ. ಪರೀಕ್ಷೆಯ ಮದ್ದು ಚುಚ್ಚಿದ ಮುಂಗೈ ಮಾತ್ರ ಮೂರನೆಯ ದಿನಕ್ಕೆ ಕೆಂಪಾಗಿ ಗಟ್ಟಿಯಾಗಿ ಊದಿಕೊಂಡಿತು. “ನಿಮ್ಮೊಳಗೆ ಎಂದೋ ಸೇರಿ ಮಲಗಿದೆ, ನಿಮ್ಮಿಂದ ಯಾರಿಗೂ ಬರಲ್ಲ” ಎಂದರು ಡಾಕ್ಟರು. ಅತ್ತಿಗೆಗೆ ಕೇಳಿಸಿದ್ದು ಮೊದಲನೆಯ ಅರ್ಧ ಮಾತ್ರ. ನಮ್ಮನೆಯವರಿಗೆ ಎಲ್ಲಿಂದ ಬಂತು ಡಾಕ್ಟ್ರೇ ಎಂದು ಕೇಳಿದಳು. ಅದನ್ನು ಹೇಳಲಾಗುವುದಿಲ್ಲ ಎಂದರು. ಅತ್ತಿಗೆ ತಿರುಗಿ ಅವಳ ಊದಿದ ಮುಂಗೈಯನ್ನು ನೋಡಿದಳು. ಆ ಸಂಜೆಯೇ ಚುಕ್ಕಿ ತಟ್ಟೆ ವಾಪಸು ಬಂತು, ಹೊಸ ಬಣ್ಣದೊಂದಿಗೆ.

ನಾನೂರ ಹದಿನೇಳಕ್ಕೆ ಒಂದು ಹನಿ ಎಣ್ಣೆ ಹಾಕಿ ಮಸೂರ ಇಳಿಸಿದಳು. ಈ ಸಲ ನೂರೂ ನೋಡಬೇಕು. ಒಂದೇ ಒಂದು ಕೆಂಪು ಕಡ್ಡಿ ಸಿಕ್ಕರೆ ಸಾಕು. ಸಿಕ್ಕರೆ ಅದು ಹತ್ತರ ಜೊತೆ ಹೋಗುತ್ತದೆ, ದೊಡ್ಡ ಲ್ಯಾಬಿನಲ್ಲಿ ಯಾರೋ ಕಾಣುತ್ತಾರೆ, ಇವಳು ಬರೆದದ್ದು ತಪ್ಪು ಎಂದು ಕೆಂಪು ಶಾಯಿಯಲ್ಲಿ ಬರುತ್ತದೆ, ಯಾಕೆ ಎಂದು ಕೇಳುತ್ತಾರೆ, ಗೋಡೆಯ ಮೇಲಿನ ಪ್ರಶಸ್ತಿಪತ್ರದ ಕಟ್ಟು ಇಳಿಯುತ್ತದೆ, ಆಗ ಎಲ್ಲರಿಗೂ ತಿಳಿಯುತ್ತದೆ. ಹೇಳುವ ಕೆಲಸ ಅವಳ ಬಾಯಿಗೆ ಉಳಿಯುವುದಿಲ್ಲ. ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ಇಪ್ಪತ್ತು, ಮೂವತ್ತು. ಅಗಲ ಅಗಲದ ಕಣಗಳು, ಬಾಯಿಯ ಬಡ ನೀಲಿ ಸೂಕ್ಷ್ಮಜೀವಿಗಳು. ನಲವತ್ತೆರಡರಲ್ಲಿ ಏನೋ ಕೆಂಪು ಕಂಡಿತು, ತಿರುಪು ತಿರುಗಿಸಿ ಸ್ಪಷ್ಟ ಮಾಡಿದರೆ ತೊಳೆಯದೆ ಉಳಿದ ಬಣ್ಣದ ಪುಡಿ. ಹೊರಗೆ ಕಂಡಿಯ ಹತ್ತಿರ ಯಾರೋ ಮೇಡಂ, ಮೇಡಂ ಎಂದರು. “ಕೂತ್ಕೊಳ್ಳಿ!” ಎಂದು ಕಣ್ಣೆತ್ತದೆ ಕೂಗಿದಳು. ಎಪ್ಪತ್ತು, ಎಂಬತ್ತು. ಬೆನ್ನು ನೋಯುತ್ತಿತ್ತು. ತೊಂಬತ್ತರ ಮೇಲೆ ಅವಳು ಬೇಡತೊಡಗಿದಳು, ಯಾರನ್ನು ಎಂದು ತಿಳಿಯದೆ. ನೂರು. ನೂರ ಐವತ್ತರ ತನಕ ಹೋದಳು, ಗಾಜಿನ ಅಂಚಿನ ತನಕ. ಇಲ್ಲ. ಅವಳು ಬರೆದದ್ದು ಸರಿಯಾಗಿಯೇ ಇತ್ತು. ಈ ಗಾಜನ್ನು ಪ್ರಪಂಚದ ಯಾವ ಲ್ಯಾಬಿಗೆ ಕಳಿಸಿದರೂ ಅವಳು ನಿರಪರಾಧಿ.

ಮೇಲ್ವಿಚಾರಕರು ಹನ್ನೆರಡಕ್ಕೆ ಬಂದರು, ಕೈಯಲ್ಲಿ ಹೆಲ್ಮೆಟ್ಟು, ಬಗಲಲ್ಲಿ ಫೈಲು. ಒಳ್ಳೆಯ ಮನುಷ್ಯ, ಅವಳ ಅಣ್ಣನ ಮಗಳು ಹೇಗಿದ್ದಾಳೆ ಎಂದು ಮೊದಲು ಕೇಳಿದರು, ಛೇ ಎಂದರು. ಆಮೇಲೆ ಹತ್ತು ಗಾಜಿನ ಪಟ್ಟಿಯ ಮುಂದೆ ಕೂತು, ಮಾದರಿಯ ಗುಣಮಟ್ಟ ಎನ್ನುವ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗೆ ಉತ್ತಮ, ಉತ್ತಮ, ಉತ್ತಮ ಎಂದು ಬರೆಯುತ್ತ ಹೋದರು. ಕೊನೆಯ ಸಾಲಿಗೆ ಬಂದಾಗ ಅವಳು, “ಸರ್, ಅದು ಉಗುಳು” ಎಂದಳು. ಅವರ ಪೆನ್ನು ನಿಂತಿತು. “ಯಾವ್ದು?” “ನಾನೂರ ಹದಿನೇಳು. ಅವತ್ತು ನಂಗೆ ಗೊತ್ತಿತ್ತು. ವಾಪಸು ಕಳಿಸ್ಬೇಕಿತ್ತು, ಕಳಿಸ್ಲಿಲ್ಲ.” ಅವರು ಗಾಜನ್ನು ಎತ್ತಿ ಬೆಳಕಿಗೆ ಹಿಡಿದು, ಕೆಳಗಿಟ್ಟರು. “ಏನಮ್ಮಾ ನೀನು, ನಾನೇನೋ ಅಂದ್ಕೊಂಡೆ. ಉಗುಳಲ್ಲಿ ಇಲ್ಲ ಅಂತ ತಾನೆ ಬರ್ದಿದೀಯ? ಇಲ್ಲ ತಾನೆ? ಮತ್ತಿನ್ನೇನು? ಎಲ್ರೂ ನಿನ್ನಷ್ಟು ನಿಯತ್ತಾಗಿದ್ರೆ ನಮ್ಗೆ ಕೆಲ್ಸಾನೇ ಇರ್ತಿರ್ಲಿಲ್ಲ.” ಉತ್ತಮ ಎಂದು ಬರೆದು ಸಹಿ ಹಾಕಿದರು. ಬೇಸಿನ್ನಿನಲ್ಲಿ ಕೈ ತೊಳೆಯುವಾಗ ಮೇಲಿನ ಕಟ್ಟು ಸೊಟ್ಟಗಿದ್ದದ್ದನ್ನು ಕಂಡು, ಒದ್ದೆ ಬೆರಳಿನಿಂದಲೇ ನೆಟ್ಟಗೆ ಮಾಡಿ ಹೋದರು.

ಮಧ್ಯಾಹ್ನ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಮಕ್ಕಳ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಅಣ್ಣ ಮಾಸ್ಕು ಹಾಕಿಕೊಂಡು ಕೂತಿದ್ದ. ಅವನಿಗೆ ಮಾತ್ರೆ ಶುರುವಾಗಿ ಹದಿನಾರು ದಿನವಾಗಿತ್ತು, ಮೈಗೆ ಆಗಲೇ ಸ್ವಲ್ಪ ಗೆಲುವು ಬಂದಿತ್ತು, ಆ ಗೆಲುವಿಗೆ ಅವನೇ ನಾಚಿಕೊಂಡವನಂತೆ ಕುಗ್ಗಿ ಕೂತಿದ್ದ. ವಾರ್ಡಿನೊಳಗೆ ಅವನನ್ನು ಬಿಡುತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ಇಬ್ಬರೂ ಎದುರಿನ ಗೋಡೆಯ ಮೇಲೆ ಅಂಟಿಸಿದ್ದ, ಕೈ ತೊಳೆಯುವುದು ಹೇಗೆ ಎನ್ನುವ ಏಳು ಚಿತ್ರಗಳನ್ನು ನೋಡಿದರು.

“ಅವತ್ತು ನಂಗೆ ಬರ್ಲಿಲ್ಲ ಕಣೇ” ಎಂದ ಅಣ್ಣ. “ಎಷ್ಟು ಕೆಮ್ಮಿದ್ರೂ ಬರ್ಲಿಲ್ಲ. ಆ ಬೀಡಾ ಅಂಗಡಿಯವ್ನು ಬೇರೆ ಹಿಂದೆ ನಿಂತಿದ್ದ. ಸುಮ್ನೆ ಉಗುಳಿ ಕೊಟ್ಟೆ.”

“ಗೊತ್ತು.”

“ಗೊತ್ತಾ?”

“ಕೈಗೆ ತಗೊಂಡಾಗ್ಲೇ ಗೊತ್ತಾಯ್ತು.”

ಅವನು ಮಾಸ್ಕಿನ ಮೇಲಿಂದ ಅವಳನ್ನು ನೋಡಿದ. ಕೋಪ ಬರಲಿ ಎಂದು ಅವಳು ಕಾದಳು. ಬಂದಿದ್ದರೆ ಇಬ್ಬರಿಗೂ ಎಷ್ಟೋ ಚೆನ್ನಾಗಿತ್ತು. “ನೀನು ವಾಪಸು ಕೊಡ್ತೀಯ ಅಂದ್ಕೊಂಡಿದ್ದೆ” ಎಂದ. “ಕೊಡ್ಲಿಲ್ಲ. ಸದ್ಯ, ಬಚಾವಾದೆ ಅನ್ನಿಸ್ತು.” ಮೊಣಕಾಲ ಮೇಲಿದ್ದ ಅವನ ಕೈ ಇಲ್ಲದ ಹತ್ತಿಯನ್ನು ಪ್ಯಾಂಟಿನಿಂದ ಹೆಕ್ಕುತ್ತಿತ್ತು. “ಅವಳಿಗೆ ಹೇಳ್ಬೇಡ. ನನ್ನಿಂದ್ಲೇ ಮರಿಗೆ ಬಂತು ಅನ್ನೋದನ್ನೇ ಅವಳು ಇನ್ನೂ ಪೂರ್ತಿ ನಂಬ್ತಾ ಇಲ್ಲ. ನಿನ್ನ ಬೈತಾಳೆ, ಬೈಲಿ. ನಿಂಗೆ ಅಭ್ಯಾಸ ಇದೆ.” ಎಷ್ಟು ಸಲೀಸಾಗಿ ಅಂದುಬಿಟ್ಟ. ಹನ್ನೊಂದು ವರ್ಷ ತಲೆಯೆತ್ತದೆ ಊಟ ಮಾಡಿದವನು ತಲೆಯೆತ್ತಿ ಆಡಿದ ಮೊದಲ ಮಾತು ಇದೇ. ಅವಳಿಗೆ ಅಸಹ್ಯವಾಯಿತು, ಅದರ ಹಿಂದೆಯೇ ಒಂದು ನೆಮ್ಮದಿ. ಹೇಳಬೇಡ ಎಂದು ಹೇಳುವವರು ಒಬ್ಬರು ಸಿಕ್ಕರಲ್ಲ.

ಅತ್ತಿಗೆ ವಾರ್ಡಿನ ಬಾಗಿಲು ತಳ್ಳಿಕೊಂಡು ಬಂದಳು, ಕೈಯಲ್ಲಿ ಊಟದ ಚೀಲ. ಅವಳನ್ನು ಕಂಡು ನಿಂತಳು. ಬಾಗಿಲ ಗಾಜಿನಲ್ಲಿ ಮರಿಯ ಮಂಚದ ತುದಿ ಕಾಣುತ್ತಿತ್ತು, ಎರಡು ಪಾದಗಳು, ಒಂದು ನೆಟ್ಟಗೆ, ಇನ್ನೊಂದು ಹೊರಕ್ಕೆ ವಾಲಿ. “ಜ್ವರ ಇಳೀತು” ಎಂದಳು ಅತ್ತಿಗೆ, ಯಾರಿಗೋ ಎನ್ನುವಂತೆ. “ಜೀವಕ್ಕೇನಿಲ್ಲವಂತೆ. ಕಿವಿ ಕೇಳ್ಸುತ್ತೋ ಇಲ್ವೋ ಗೊತ್ತಿಲ್ಲ ಅಂದ್ರು. ಕರೆದ್ರೆ ತಿರುಗ್ತಾ ಇಲ್ಲ. ಎಷ್ಟು ಕರೆದೆ ಗೊತ್ತಾ.” ಬೆಂಚಿನ ತುದಿಯಲ್ಲಿ ಕೂತಳು. ಬಹಳ ಹೊತ್ತು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಬೈಗುಳ ಬರುತ್ತದೆಂದು ಅವಳು ಮೈ ಬಿಗಿ ಮಾಡಿದ್ದಳು.

“ಹನ್ನೊಂದು ವರ್ಷ ನಿನ್ನ ತಟ್ಟೆ ಬೇರೆ ಇಟ್ಟೆ” ಎಂದಳು ಅತ್ತಿಗೆ. “ಜನ ನನ್ನ ರಾಕ್ಷಸಿ ಅಂದ್ರು, ಇಟ್ಟೆ. ಈ ಐದು ತಿಂಗ್ಳು ಮಾತ್ರ ಮೈ ಮರೆತೆ. ಪಾಪ ಅನ್ನಿಸ್ತು, ಮನೆ ತಟ್ಟೇಲಿ ಹಾಕಿದೆ. ಆ ಐದು ತಿಂಗ್ಳಲ್ಲೇ ಬಂತು. ಮರಿ ನಿನ್ನ ಎಂಜಲು ತಟ್ಟೇಲಿ ಎಷ್ಟು ಸಲ ತಿಂತೋ ನಾನು ನೋಡ್ಲೂ ಇಲ್ಲ.” ಚೀಲದ ಹಿಡಿ ಬಿಟ್ಟು ಅವಳ ಕಡೆ ತಿರುಗಿದಳು. “ನಂಗೆ ಬೇರೇನೂ ಬೇಡ. ಒಂದೇ ಒಂದು ನಿಜ ಹೇಳು. ನಾನು ತಟ್ಟೆ ಬೆರೆಸಿದ್ದಕ್ಕೆ ಬಂತಾ? ನನ್ನ ಕೈಯಾರೆ ಮಾಡಿದ್ನಾ?”

ಅವಳು ಬಾಯಿ ತೆರೆದಳು. ಎಲ್ಲವೂ ನಾಲಿಗೆಯ ಮೇಲೆ ಸಾಲಾಗಿ ನಿಂತಿತ್ತು: ಡಬ್ಬಿ, ನೊರೆಗುಳ್ಳೆ, ಹತ್ತು ಕಡೆ, ಬೇರೆ ಮನೆ ನೋಡಿಕೋ ಎಂದದ್ದು, ಮನೆಯ ತಟ್ಟೆ ಮುಂದೆ ಬಂದಾಗ ಆದ ಸುಖ. ಅಣ್ಣನ ಕೈ ಪ್ಯಾಂಟಿನ ಮೇಲೆ ಹೆಕ್ಕುವುದನ್ನು ನಿಲ್ಲಿಸಿತ್ತು.

“ಇಲ್ಲ ಅತ್ತಿಗೆ. ತಟ್ಟೆಯಿಂದ ಬರಲ್ಲ. ನಿಮ್ಮದೇನೂ ತಪ್ಪಿಲ್ಲ” ಎಂದಳು. ಇಲ್ಲಿಗೆ ನಿಲ್ಲಿಸಿ ಉಸಿರು ಎಳೆದುಕೊಂಡಳು, ಒಂದು ಸಲ, ಎರಡು ಸಲ. ಎದೆಯಿಂದ ಏನೂ ಬರಲಿಲ್ಲ. “ನನ್ನಿಂದ ಬಂತು.”

ಬಾಯಿಯ ಮಾತು ಅದು, ಎದೆಯದಲ್ಲ. ಆದರೂ ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಬಂದದ್ದು ಹೇಗೆ ಎನ್ನುವುದನ್ನು ಮಾತ್ರ ಗೋಡೆಯ ಒಳಗೇ ಬಿಟ್ಟಿದ್ದಳು. ಅತ್ತಿಗೆ ಕೇಳಲಿ, ಹೇಗೆ ಎಂದು ಒಂದು ಸಲ ಕೇಳಲಿ, ಹೇಳಿಬಿಡುತ್ತೇನೆ ಎಂದುಕೊಂಡಳು. ಅತ್ತಿಗೆ ಕೇಳಲಿಲ್ಲ. ಬಟ್ಟೆಗೆ ಅಂಟಿಕೊಂಡು ಬಂದಿರಬೇಕು ಎಂದೋ ಏನೋ ಅವಳೇ ಒಂದು ಉತ್ತರ ಹೊಂದಿಸಿಕೊಂಡಿದ್ದಳು. “ಹಾಗಾದ್ರೆ ತಟ್ಟೆಯಿಂದ ಅಲ್ಲ” ಎಂದಳು. “ಅಲ್ಲ.” ಅತ್ತಿಗೆ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದಳು, ಹತ್ತೊಂಬತ್ತು ದಿನದ ಉಸಿರು ಹೊರಬಿತ್ತು, ಸದ್ದಿಲ್ಲದೆ ನೀರು ಇಳಿಯಿತು. ಅಣ್ಣನ ಕೈ ಮತ್ತೆ ಹತ್ತಿ ಹೆಕ್ಕತೊಡಗಿತು.

ಆಮೇಲೆ ಅತ್ತಿಗೆ ಮೂಗು ಒರೆಸಿಕೊಂಡು ಚೀಲ ಬಿಚ್ಚಿದಳು. ತಾನು ಬೆಳಿಗ್ಗೆ ಉಂಡು ತೊಳೆದಿಟ್ಟಿದ್ದ ತಟ್ಟೆಗೆ ಉಳಿದ ಅನ್ನ ಬಡಿಸಿ, ಅವಳ ತೊಡೆಯ ಮೇಲೆ ಇಟ್ಟಳು. “ತಿನ್ನು. ಬೆಳಗ್ಗಿಂದ ಏನೂ ತಿಂದಿಲ್ಲ ನೀನು, ಮುಖ ನೋಡಿದ್ರೇ ಗೊತ್ತಾಗುತ್ತೆ. ಇನ್ನೇನು ಬರೋದಿದೆ ನಮ್ಗೆ, ಬಂದಾಯ್ತಲ್ಲ.” ಅವಳು ಅಭ್ಯಾಸದಿಂದ ಅಂಚನ್ನು ಸುತ್ತ ನೋಡಿದಳು. ಚುಕ್ಕಿ ಇರಲಿಲ್ಲ. ಬಾಗಿಲಿನ ಆಚೆ ನರ್ಸು ಮರಿಯ ಕಿವಿಯ ಹತ್ತಿರ ಚಪ್ಪಾಳೆ ತಟ್ಟುವುದು ಕೇಳಿಸಿತು. ತಟ್ಟುವುದು, ಕಾಯುವುದು, ಮತ್ತೆ ಇನ್ನಷ್ಟು ಜೋರಾಗಿ ತಟ್ಟುವುದು. ಅವಳು ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಕೊನೆಯ ಅಗುಳಿನವರೆಗೂ ತಿಂದಳು. ಹಸಿವಾಗಿತ್ತು.